ಹಿಡಿ ಹೋದ ಕ್ಷೌರದ ಕತ್ತಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಹೊಸಹೊಳಲು, ಕೃಷ್ಣರಾಜಪೇಟೆ, ನಾಗಮಂಗಲದ ಕಡೆಯ ಕ್ಷೌರದಂಗಡಿಗಳಲ್ಲಿ ಈಗ ಕಾಣುವುದು ಅರ್ಧ ಬ್ಲೇಡು ಸಿಕ್ಕಿಸುವ ರೇಜರ್. ಒಬ್ಬರಿಗೆ ಒಂದು ಬ್ಲೇಡು, ಕೆಲಸ ಮುಗಿದರೆ ಅದು ಕಸಕ್ಕೆ. ಅದಕ್ಕೂ ಮುಂಚಿನ ತಲೆಮಾರಿನ ಕ್ಷೌರಿಕರ ಹಡಪದಲ್ಲಿ ಇದ್ದ ಕತ್ತಿ ಬೇರೆ ಜಾತಿಯದು. ಇಡೀ ಅಲಗು ಒಂದೇ ಉಕ್ಕು, ಮಡಚಿದರೆ ಎರಡು ಪಟ್ಟಿಗಳ ನಡುವೆ ಅಡಗುತ್ತಿತ್ತು, ಕಲ್ಲಿನ ಮೇಲೆ ಮಸೆದು ತೊಗಲಿನ ಮೇಲೆ ತೀಡಿ ವರ್ಷಗಟ್ಟಲೆ ಬಳಸಬಹುದಿತ್ತು. ಅಂಥ ಕತ್ತಿಗಳು ಇಂದಿಗೂ ಅಟ್ಟದ ಪೆಟ್ಟಿಗೆಗಳಲ್ಲಿ ಸಿಗುತ್ತವೆ. ಅಲಗು ಗಟ್ಟಿಯಾಗಿರುತ್ತದೆ, ಹಿಡಿ ಮಾತ್ರ ಸೀಳಿರುತ್ತದೆ, ಇಲ್ಲವೇ ಹುಳು ತಿಂದಿರುತ್ತದೆ. ಹಿಡಿ ಬದಲಿಸಿ ಮತ್ತೆ ಬಳಸೋಣ ಎಂದು ಹೊರಟವರಿಗೆ ಊರಿನ ಸಲಹೆ, ವಿಡಿಯೊ ಸಲಹೆ ಎರಡೂ ಧಾರಾಳ. ಅದರಲ್ಲಿ ಜೊಳ್ಳೂ ಅಷ್ಟೇ ಧಾರಾಳ. ಅದನ್ನು ಕೇರಿ ಕಾಳು ಬೇರೆ ಮಾಡುವುದಷ್ಟೇ ಇಲ್ಲಿನ ಕೆಲಸ.

ಮೊದಲು ಅಂಗಗಳನ್ನು ಗುರುತಿಸಿಕೊಳ್ಳೋಣ. ಕತ್ತರಿಸುವ ಅಂಚು ಬಾಯಿ, ಅದರ ಎದುರಿನ ದಪ್ಪ ಭಾಗ ಬೆನ್ನು. ಅಲಗಿನಿಂದ ಹಿಂದಕ್ಕೆ ಚಾಚಿದ್ದು ಕೊರಳು, ಅದರ ಬಾಗಿದ ಕೊನೆ ಬಾಲ. ಹಿಡಿ ಎಂದರೆ ಎಡಕ್ಕೊಂದು ಬಲಕ್ಕೊಂದು ತೆಳುವಾದ ಪಟ್ಟಿ. ಅಲಗು ತಿರುಗುವ ಕಡೆ ಒಂದು ಮೊಳೆ, ಇನ್ನೊಂದು ತುದಿಯಲ್ಲಿ ಇನ್ನೊಂದು ಮೊಳೆ, ಆ ತುದಿಯಲ್ಲಿ ಪಟ್ಟಿಗಳ ನಡುವೆ ಒಂದು ಸಣ್ಣ ಬೆಣೆ. ಕೆಲವು ಕತ್ತಿಗಳಲ್ಲಿ ನಡುವೆ ಮೂರನೆಯ ಮೊಳೆಯೂ ಇರುತ್ತದೆ.

1. ತಪ್ಪು ಕಲ್ಪನೆ: ಹಿಡಿ ಒಡೆಯಿತೆಂದರೆ ಕತ್ತಿ ಗುಜರಿಗೆ.

ವಾಸ್ತವ: ಕಬ್ಬು ಕಡಿಯುವ ಮಚ್ಚಿನ ಹಿಡಿ ಸಡಿಲವಾಯಿತೆಂದು ಮಂಡ್ಯದ ಕಡೆಯ ರೈತ ಮಚ್ಚನ್ನೇ ಎಸೆಯುವುದಿಲ್ಲ. ಕ್ಷೌರದ ಕತ್ತಿಗೂ ಅದೇ ನ್ಯಾಯ. ಅಲಗಿನ ಆಯುಸ್ಸು ಬೇರೆ, ಹಿಡಿಯ ಆಯುಸ್ಸು ಬೇರೆ. ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಸೋಲಿಂಗೆನ್‌ಗಳಂಥ ಕತ್ತಿಯ ಊರುಗಳಲ್ಲಿ ಅಲಗು ಬಡಿಯುವವರು, ಸಾಣೆ ಹಿಡಿಯುವವರು, ಹಿಡಿ ಕೂರಿಸುವವರು ಬೇರೆ ಬೇರೆ ಕಸುಬುದಾರರೇ ಆಗಿದ್ದರು. ನಮ್ಮ ದಖ್ಖನ್ನಿನಲ್ಲೂ ಇದು ಹೊಸದಲ್ಲ. ಯುರೋಪಿನಿಂದ ಬಂದ ಅಲಗಿಗೆ ಇಲ್ಲಿನ ಕುಶಲಿಗಳು ಇಲ್ಲಿನ ಹಿಡಿ ಕೂರಿಸಿದ ಖಡ್ಗಗಳಿಗೆ ‘ಫಿರಂಗಿ’ ಎಂದೇ ಹೆಸರಿತ್ತು. ಹಾಗೆ ಬಂದ ಅಲಗುಗಳಲ್ಲಿ ಸೋಲಿಂಗೆನ್ನಿನವೂ ಇದ್ದವು. ಅದೇ ಊರು ಮುಂದೆ ಕ್ಷೌರದ ಕತ್ತಿಗೂ ಜಗತ್ತಿನಲ್ಲೆಲ್ಲ ಹೆಸರಾಯಿತು.

ನಿಜವಾಗಿ ಗುಜರಿಗೆ ಹೋಗಬೇಕಾದ ಕತ್ತಿ ಯಾವುದು? ಬಾಯಿಯಲ್ಲಿ ಬಿರುಕು ಬಿಟ್ಟದ್ದು, ತುಕ್ಕು ಬಾಯಿಯವರೆಗೆ ಆಳವಾಗಿ ತಿಂದದ್ದು, ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡದ್ದು. ಇವುಗಳಿಗೆ ಎಂಥ ಹಿಡಿ ಹಾಕಿದರೂ ವ್ಯರ್ಥ. ಆದ್ದರಿಂದ ಮರ ಹುಡುಕುವ ಮೊದಲು ಅಲಗನ್ನು ಬೆಳಕಿಗೆ ಹಿಡಿದು ನೋಡಬೇಕು.

2. ತಪ್ಪು ಕಲ್ಪನೆ: ಕುಡುಗೋಲಿಗೆ ಹಾಕುವಂತೆ ಕಾಯಿಸಿ ಹಿಡಿ ಕೂರಿಸಬಹುದು.

ವಾಸ್ತವ: ಕುಡುಗೋಲು, ಮಚ್ಚುಗಳ ಬಾಲವನ್ನು ಕೆಂಪಗೆ ಕಾಯಿಸಿ ಮರದ ಹಿಡಿಯೊಳಕ್ಕೆ ಹೊಡೆದು ಕೂರಿಸುವುದು ಕುಲುಮೆಯ ಹಳೆಯ ಕ್ರಮ. ಖಡ್ಗಗಳ ಹಿಡಿಯನ್ನು ಅರಗು ಕರಗಿಸಿ ಕೂರಿಸುತ್ತಿದ್ದರು. ಎರಡೂ ಆಯಾ ಆಯುಧಕ್ಕೆ ಸರಿ. ಕ್ಷೌರದ ಕತ್ತಿಗೆ ಎರಡೂ ಸಲ್ಲವು.

ಕಾರಣ ಉಕ್ಕಿನ ಹದ. ಕ್ಷೌರದ ಕತ್ತಿಯದು ಸುಮಾರು ಶೇ 1ರಷ್ಟು ಇಂಗಾಲವಿರುವ ಉಕ್ಕು. ಅದನ್ನು ಕಾಯಿಸಿ ತಣಿಸಿ ಗಡಸು ಮಾಡಿ, ಆಮೇಲೆ ಸುಮಾರು 150ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಹದಕ್ಕೆ ತಂದಿರುತ್ತಾರೆ. ಆ ಮಟ್ಟ ದಾಟಿದಷ್ಟೂ ಗಡಸುತನ ಇಳಿಯುತ್ತದೆ. ಉಕ್ಕಿನ ಮೇಲೆ ಮೊದಲು ಹುಲ್ಲಿನ ಹಳದಿ, 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿ ಬಣ್ಣ ಕಾಣುತ್ತದೆ. ಬಾಯಿಯಲ್ಲಿ ನೀಲಿ ಕಂಡರೆ ಆ ಜಾಗ ಇನ್ನು ಹರಿತ ಹಿಡಿದಿಟ್ಟುಕೊಳ್ಳದು. ಕುಲುಮೆಯೇ ಬೇಕೆಂದಿಲ್ಲ, ತುಕ್ಕು ತೆಗೆಯಲು ಗ್ರೈಂಡರ್ ಚಕ್ರಕ್ಕೆ ಒಡ್ಡಿದರೂ ತೆಳುವಾದ ಅಲಗು ಕ್ಷಣಾರ್ಧದಲ್ಲಿ ಸುಡುತ್ತದೆ. ಎಲ್ಲವೂ ಕೈಯಲ್ಲಿ, ತಣ್ಣಗೆ ಆಗಬೇಕಾದ ಕೆಲಸ. ಕುದಿಯುವ ನೀರಿಗೂ ಹದ ಹೋಗುತ್ತದೆ ಎಂದು ಹೆದರುವವರಿದ್ದಾರೆ. ಅದು 100 ಡಿಗ್ರಿ ದಾಟದ್ದರಿಂದ ಅಲಗಿಗೆ ಏನೂ ಆಗದು. ಆದರೆ ಕೊಂಬಿನ ಹಿಡಿ ಬಿಸಿನೀರಿನಲ್ಲಿ ಮೆತ್ತಗಾಗಿ ಸೊಟ್ಟಗಾಗುತ್ತದೆ.

3. ತಪ್ಪು ಕಲ್ಪನೆ: ಹಿಡಿ ಇರುವುದು ಅಂದಕ್ಕೆ. ದಪ್ಪಗೆ, ಭಾರವಾಗಿದ್ದರೆ ಹಿಡಿತ ಚೆನ್ನ.

ವಾಸ್ತವ: ಅಡುಗೆಮನೆಯ ಚಾಕುವಿನ ಹಾಗೆ ಈ ಕತ್ತಿಯ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ. ಕ್ಷೌರ ಮಾಡುವಾಗ ಬೆರಳುಗಳು ಇರುವುದು ಅಲಗಿನ ಕೊರಳಿನ ಮೇಲೆ, ಕಿರುಬೆರಳು ಬಾಲದ ಮೇಲೆ. ಹಿಡಿ ಹಿಂದಕ್ಕೆ ತೆರೆದುಕೊಂಡು ಮೇಲೆ ನಿಂತಿರುತ್ತದೆ. ಹಾಗಾದರೆ ಹಿಡಿಯ ಕೆಲಸವೇನು? ಎರಡು. ತೆರೆದಾಗ ತೂಕ ಸರಿದೂಗಿಸುವುದು, ಮುಚ್ಚಿದಾಗ ಒರೆಯಾಗಿ ಬಾಯಿಯನ್ನು ಕಾಯುವುದು.

ಹಿಡಿ ಅಲಗಿಗಿಂತ ತೀರಾ ಭಾರವಾದರೆ ಕತ್ತಿ ಹಿಂದಕ್ಕೆ ಜಗ್ಗುತ್ತದೆ. ಗಲ್ಲದ ಕೆಳಗೆ, ಕಿವಿಯ ಹಿಂದೆ ತಿರುಗಿಸುವಾಗ ಕೈ ಸೋಲುತ್ತದೆ. ತೂಗಿ ನೋಡಿದರೆ ತಿರುಗುವ ಮೊಳೆಯ ಆಸುಪಾಸಿನಲ್ಲೇ ಕತ್ತಿ ಸಮನಾಗಿ ನಿಲ್ಲುವುದು ಒಳ್ಳೆಯ ಗುರುತು. ಪಟ್ಟಿಯ ದಪ್ಪ ಎರಡೂವರೆಯಿಂದ ಮೂರು ಮಿಲಿಮೀಟರ್ ಇದ್ದರೆ ಸಾಮಾನ್ಯವಾಗಿ ಸಾಕು. ಹಳೆಯ ಕೊಂಬಿನ ಹಿಡಿಗಳು ಅಷ್ಟು ತೆಳುವಾಗಿ, ಹಗುರವಾಗಿ ಇರುತ್ತಿದ್ದುದು ಜಿಪುಣತನದಿಂದಲ್ಲ, ಬಳಕೆಯ ಅನುಭವದಿಂದ.

4. ತಪ್ಪು ಕಲ್ಪನೆ: ಎರಡು ಪಟ್ಟಿ, ಎರಡು ಮೊಳೆ ಇದ್ದರೆ ಆಯಿತು. ಬೆಣೆ ಬರೀ ಸಂದು ಮುಚ್ಚಲು.

ವಾಸ್ತವ: ಹೊಸಬರು ಕೈಸುಟ್ಟುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಇಡೀ ಹಿಡಿಯ ಜೀವ ಆ ಬೆರಳುಗುರಿನಷ್ಟು ಬೆಣೆಯಲ್ಲಿದೆ.

ತಿರುಗುವ ಮೊಳೆಯ ಕಡೆ ಪಟ್ಟಿಗಳ ನಡುವಿನ ಅಂತರವನ್ನು ನಿರ್ಧರಿಸುವುದು ಕೊರಳಿನ ದಪ್ಪ ಮತ್ತು ಅದರ ಎರಡೂ ಬದಿಯ ವಾಷರ್‌ಗಳು. ಇನ್ನೊಂದು ತುದಿಯಲ್ಲಿ ಅದನ್ನು ನಿರ್ಧರಿಸುವುದು ಬೆಣೆ. ಬೆಣೆ ಕೊರಳಿಗಿಂತ ತೆಳುವಾಗಿದ್ದು, ಒಳಮುಖಕ್ಕೆ ಇನ್ನಷ್ಟು ಸಣ್ಣದಾಗುತ್ತ ಹೋಗಬೇಕು. ಆಗ ಪಟ್ಟಿಗಳು ತುಸು ಬಾಗಿ ಬಿಲ್ಲಿನ ಬಿಗಿ ಪಡೆಯುತ್ತವೆ, ಮುಚ್ಚಿದ ಅಲಗಿನ ಬೆನ್ನನ್ನು ಮೆಲ್ಲಗೆ ಹಿಡಿದುಕೊಳ್ಳುತ್ತವೆ. ಎರಡೂ ಕಡೆ ಒಂದೇ ದಪ್ಪ ಇಟ್ಟರೆ ಪಟ್ಟಿಗಳು ಸಮಾನಾಂತರವಾಗಿ ಕಣ್ಣಿಗೆ ಚೆನ್ನಾಗಿ ಕಾಣುತ್ತವೆ, ಅಲಗು ಮಾತ್ರ ಒಳಗೆ ಲೊಡಲೊಡ ಎನ್ನುತ್ತದೆ. ಜೇಬಿನಲ್ಲಿ ತಾನಾಗಿ ತೆರೆದುಕೊಂಡರೆ ಅಪಾಯ ಬೇರೆ.

ಬೆಣೆ ಓರೆಯಾಗಿದ್ದರೆ ಇಲ್ಲವೇ ಮೊಳೆಯ ರಂಧ್ರ ನೇರವಾಗಿ ಕೊರೆದಿರದಿದ್ದರೆ ಅಲಗು ಒಂದು ಪಕ್ಕಕ್ಕೆ ವಾಲುತ್ತದೆ. ಮುಚ್ಚುವಾಗ ಬಾಯಿ ಪಟ್ಟಿಯ ಒಳಮೈಗೆ ತಗಲುತ್ತದೆ, ದಿನದಿನಕ್ಕೂ ಸಣ್ಣ ಸಣ್ಣ ಹಲ್ಲು ಬೀಳುತ್ತದೆ. ಸಾಣೆ ಸರಿಯಿಲ್ಲ ಎಂದು ದೂರುವ ಎಷ್ಟೋ ಕತ್ತಿಗಳ ರೋಗದ ಮೂಲ ಹಿಡಿಯಲ್ಲಿರುತ್ತದೆ. ಮುಚ್ಚಿದಾಗ ಬಾಯಿ ಪಟ್ಟಿಗಳ ಅಂಚಿನಿಂದ ಹೊರಗೆ ಇಣುಕಬಾರದು, ಬೆಣೆಯ ಮೇಲೂ ಕೂರಬಾರದು.

ಅಳತೆ ಹುಡುಕಲು ಕಷ್ಟಪಡಬೇಕಿಲ್ಲ. ಒಡೆದ ಹಳೆಯ ಪಟ್ಟಿಯೇ ಒಳ್ಳೆಯ ಮಾದರಿ. ಚೂರುಗಳನ್ನು ಹಲಗೆಯ ಮೇಲೆ ಜೋಡಿಸಿ ರೂಪುರೇಖೆ ಎಳೆದು, ಎರಡು ರಂಧ್ರಗಳ ಅಂತರವನ್ನು ಹಾಗೆಯೇ ಇಳಿಸಿಕೊಳ್ಳಬೇಕು. ಎರಡೂ ಪಟ್ಟಿಗಳನ್ನು ಒಂದರ ಮೇಲೊಂದು ಬಿಗಿದು ಒಮ್ಮೆಗೇ ರಂಧ್ರ ಕೊರೆದರೆ ಓರೆಯಾಗುವ ಭಯ ಕಡಿಮೆ. ಇನ್ನೊಂದು ಎಚ್ಚರಿಕೆ: ಹಳೆಯ ಕತ್ತಿಗಳಲ್ಲಿ ಸೀಸದ ಬೆಣೆಯೂ ಉಂಟು. ಅದನ್ನು ಅರದಿಂದ ಉಜ್ಜಿ ಪುಡಿ ಎಬ್ಬಿಸಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು.

5. ತಪ್ಪು ಕಲ್ಪನೆ: ಹಳೆಯ ಮೊಳೆ ತೆಗೆಯಲು ಸುತ್ತಿಗೆಯ ಎರಡು ಏಟು ಸಾಕು.

ವಾಸ್ತವ: ಮೊಳೆಯ ಎರಡೂ ತುದಿಯನ್ನು ಬಡಿದು ಅಣಬೆಯಂತೆ ಅರಳಿಸಿರುತ್ತಾರೆ. ಆ ತಲೆ ಇರುವಾಗ ಹೊಡೆದರೆ ಮೊಳೆ ಹೊರಬರದು, ಒಳಗೇ ಬಾಗುತ್ತದೆ. ರಂಧ್ರ ಹಿಗ್ಗುತ್ತದೆ, ಉಳಿಸಬಹುದಾಗಿದ್ದ ಹಳೆಯ ಪಟ್ಟಿ ಸೀಳುತ್ತದೆ. ಕ್ಷೌರದ ಕತ್ತಿಯ ಉಕ್ಕು ಗಡಸು. ಗಡಸಾದದ್ದಕ್ಕೆ ಪೆಟ್ಟು ತಡೆಯುವ ಶಕ್ತಿ ಕಡಿಮೆ, ಏಟು ಅಲಗಿಗೆ ಬಿದ್ದರೆ ಚೂರೇ ಹಾರೀತು.

ಸರಿಯಾದ ಕ್ರಮ ಹೀಗಿದೆ. ಅಲಗಿಗೆ ದಪ್ಪ ರಟ್ಟು ಸುತ್ತಿ ಮೇಲೆ ಟೇಪು ಬಿಗಿಯಬೇಕು. ಇದಾಗದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬಾರದು. ಒಂದು ಬದಿಯ ಮೊಳೆತಲೆಯನ್ನು ಸಣ್ಣ ಅರದಿಂದ ಉಜ್ಜಿ ಮಟ್ಟ ಮಾಡಬೇಕು, ಇಲ್ಲವೇ ಸಣ್ಣ ಬೈರಿಗೆಯಿಂದ ತಲೆಯನ್ನಷ್ಟೇ ಕೊರೆದು ತೆಗೆಯಬೇಕು. ಕೆಳಗೆ ರಂಧ್ರವಿರುವ ಮರದ ತುಂಡಿಟ್ಟು, ಮೊಳೆಗಿಂತ ಸಣ್ಣ ಕಂಬಿಯಿಂದ ಮೆಲ್ಲಗೆ ಒತ್ತಿದರೆ ಅದು ತಾನೇ ಜಾರಿ ಬರುತ್ತದೆ. ಬಿಚ್ಚಿದ ಮೇಲೆ ಕೊರಳಿನ ಪಕ್ಕಗಳಲ್ಲಿ, ಮೊಳೆಯ ರಂಧ್ರದಲ್ಲಿ ಅಡಗಿದ್ದ ತುಕ್ಕು, ಒಣಗಿದ ಸಾಬೂನಿನ ಜಿಡ್ಡು ಕಾಣುತ್ತದೆ. ಹಿಡಿ ಇರುವಾಗ ತಲುಪಲಾಗದ ಆ ಜಾಗವನ್ನು ಸ್ವಚ್ಛ ಮಾಡಲು ಇದೇ ಸಮಯ.

6. ತಪ್ಪು ಕಲ್ಪನೆ: ಮೊಳೆಗಿಂತ ಬೋಲ್ಟು ಗಟ್ಟಿ. ಎಷ್ಟು ಬಿಗಿದರೆ ಅಷ್ಟು ಒಳ್ಳೆಯದು.

ವಾಸ್ತವ: ಸಣ್ಣ ಬೋಲ್ಟು-ನಟ್ಟುಗಳಿಂದ ಹಿಡಿ ಜೋಡಿಸಬಹುದು ನಿಜ. ಅಳತೆ ಸರಿಯಿದೆಯೇ ಎಂದು ನೋಡಲು ಅದು ಅನುಕೂಲವೂ ಹೌದು. ಆದರೆ ದಿನಾ ತೆರೆದು ಮುಚ್ಚುವ ಕಡೆ ತಿರುಪು ಮೆಲ್ಲಮೆಲ್ಲನೆ ಸಡಿಲವಾಗುತ್ತದೆ, ಅದರ ಎಳೆಗಳಲ್ಲಿ ನೀರು ನಿಂತು ತುಕ್ಕಿಗೆ ಮನೆಯಾಗುತ್ತದೆ. ಬಡಿದ ಮೊಳೆ ಸಡಿಲವಾದರೆ ಎರಡು ಹಗುರ ಏಟಿಗೆ ಮತ್ತೆ ಬಿಗಿಯಾಗುತ್ತದೆ.

ಮೊಳೆಗೆ ಬಳಸುವುದು ಸುಮಾರು 1.6 ಮಿಲಿಮೀಟರ್ ದಪ್ಪದ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ ಸಲಾಕೆ. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇಲ್ಲ, ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಹಿತ್ತಾಳೆ ಮೆತ್ತಗಿರುವುದರಿಂದ ಕಾಯಿಸದೆಯೇ ಅರಳುತ್ತದೆ, ಕೆಂಪು ತುಕ್ಕು ಹಿಡಿಯದು. ಮನೆಯಲ್ಲಿದ್ದ ಕಬ್ಬಿಣದ ಮೊಳೆ ಕತ್ತರಿಸಿ ಹಾಕಿದರೆ ತುಕ್ಕು ಉಬ್ಬಿ ಪಟ್ಟಿಯನ್ನೇ ಸೀಳುತ್ತದೆ. ಲೋಹದ ಕೆಲಸಕ್ಕೆ ಹೆಸರಾದ ನಾಗಮಂಗಲ ಪಕ್ಕದಲ್ಲೇ ಇರುವಾಗ ಈ ಭಾಗದವರಿಗೆ ಹಿತ್ತಾಳೆಯ ತುಂಡಿಗೆ ಬರವಿಲ್ಲ.

ಸಲಾಕೆಯನ್ನು ಎರಡೂ ಬದಿ ವಾಷರಿನಿಂದ ಒಂದು ಮಿಲಿಮೀಟರಿನಷ್ಟು ಹೊರಗುಳಿಸಿ ಕತ್ತರಿಸಿ, ಅಡಿಗಲ್ಲಿನ ಮೇಲಿಟ್ಟು, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಬದಿ ಬದಲಿಸುತ್ತ ಹಗುರವಾಗಿ ತಟ್ಟಬೇಕು. ಬಲಕ್ಕಿಂತ ಎಣಿಕೆ ಮುಖ್ಯ. ನೂರು ಸಣ್ಣ ಏಟು ಮಾಡುವ ಕೆಲಸವನ್ನು ಹತ್ತು ದೊಡ್ಡ ಏಟು ಕೆಡಿಸುತ್ತದೆ. ಬಿಗಿ ಎಷ್ಟಿರಬೇಕು? ತೆರೆದ ಅಲಗು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲಬೇಕು, ಒಂದು ಬೆರಳಿನ ಒತ್ತಡಕ್ಕೆ ಮುಚ್ಚಬೇಕು. ಇನ್ನೂ ಬಿಗಿದರೆ ಅದನ್ನು ತೆರೆಯಲು ಕೈ ಬಲ ಹಾಕುತ್ತದೆ, ಬಲ ಹಾಕಿದ ಕೈ ಜಾರುತ್ತದೆ.

7. ತಪ್ಪು ಕಲ್ಪನೆ: ಗಟ್ಟಿ ಮರವಾದರೆ ಯಾವುದಾದರೂ ಸರಿ. ಶ್ರೀಗಂಧವಾದರೆ ಇನ್ನೂ ಶ್ರೇಷ್ಠ.

ವಾಸ್ತವ: ಈ ಹಿಡಿ ದಿನಾ ನೀರು, ಸಾಬೂನು ನೊರೆ ಕಾಣುತ್ತದೆ. ಮರಕ್ಕೆ ಗಟ್ಟಿತನದಷ್ಟೇ ಮುಖ್ಯವಾದವು ನೀರು ಕುಡಿಯದಿರುವುದು ಮತ್ತು ನೇರ ಎಳೆ. ಎಳೆ ಅಡ್ಡಡ್ಡ ಹೋದ ಮರ ಮೂರು ಮಿಲಿಮೀಟರ್ ದಪ್ಪಕ್ಕೆ ಇಳಿದಾಗ ಮೊಳೆಯ ಹತ್ತಿರ ಸೀಳುತ್ತದೆ. ಹಸಿ ಮರವಂತೂ ಬೇಡವೇ ಬೇಡ, ಒಣಗುತ್ತ ಸೊಟ್ಟಗಾಗಿ ಅಲಗನ್ನು ಪಕ್ಕಕ್ಕೆ ಎಳೆಯುತ್ತದೆ.

ನಮ್ಮ ನಾಡಿನಲ್ಲಿ ಇದಕ್ಕೆ ಹೇಳಿ ಮಾಡಿಸಿದ್ದು ಬೀಟೆ. ಎಳೆ ದಟ್ಟ, ಒಳಗೆ ಸಹಜವಾದ ಎಣ್ಣೆಯಂಶವಿದೆ. ಮೈಸೂರಿನ ಕೆತ್ತನೆ-ಜೋಡಣೆಯ ಕುಸುರಿಗೆ ಅದೇ ಆಧಾರ. ಕ್ಷೌರದ ಕತ್ತಿಗೆ ಬೇಕಾದದ್ದು ಒಂದು ಗೇಣಿನ ಎರಡು ತುಂಡು, ಮರಗೆಲಸದವರಲ್ಲಿ ಉಳಿದ ಚೂರೇ ಸಾಕು. ಆದರೆ ಬೀಟೆಯ ದೂಳು ಚರ್ಮಕ್ಕೂ ಉಸಿರಿಗೂ ಕಿರಿಕಿರಿ, ಕೆಲವರಿಗೆ ಅಲರ್ಜಿ. ಉಪ್ಪುಕಾಗದದಿಂದ ಉಜ್ಜುವಾಗ ಮಾಸ್ಕ್ ಬೇಕು. ಬೀಟೆಯ ಜಾತಿಯ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ, ಹೊರದೇಶಕ್ಕೆ ಕಳಿಸುವವರು ಇದನ್ನು ಮರೆಯಬಾರದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರ ಬಿಳುಪಾಗಿ ನುಣುಪಾಗಿ ಚೆಂದ ಕಾಣುತ್ತದೆ. ಆದರೆ ಅದು ಮೃದು ಮರ, ನೀರು ತಾಗುವ ಹಿಡಿಗೆ ಮೇಲ್ಲೇಪ ಚೆನ್ನಾಗಿರಲೇಬೇಕು.

ಇನ್ನು ಶ್ರೀಗಂಧ. ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ ಎನ್ನುತ್ತದೆ ಇತಿಹಾಸ. ಆಮೇಲೆ ಬಹುಕಾಲ ಅದು ಸರ್ಕಾರದ ಸೊತ್ತಾಗಿಯೇ ಉಳಿಯಿತು. 2001ರ ಕಾನೂನು ತಿದ್ದುಪಡಿಯ ಮೇಲೆ ತನ್ನ ಜಮೀನಿನಲ್ಲಿ ಬೆಳೆದವನಿಗೆ ಮರದ ಹಕ್ಕು ಸಿಕ್ಕಿತಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಎಲ್ಲಿಂದಲೋ ಬಂದ ತುಂಡನ್ನು ಕೇಳದೆ ಕೊಳ್ಳುವುದು ಅಪರಾಧಕ್ಕೆ ಕೈ ಹಾಕಿದಂತೆ. ಕತ್ತಿಯ ಬಾಯಿಗೆ ಗಂಧದಿಂದ ಹೆಚ್ಚುವ ಗುಣ ಯಾವುದೂ ಇಲ್ಲ.

ಯಾವ ಮರವಾದರೂ ಅಗಸೆ ಎಣ್ಣೆಯನ್ನು ತೆಳುವಾಗಿ ಹಲವು ಸಲ ಸವರಿ, ಪ್ರತಿ ಸಲವೂ ಒಣಗಲು ಬಿಡಬೇಕು. ಒಳಮೈಗೂ ಬಳಿಯಬೇಕು. ಹೊರಮೈಗಷ್ಟೇ ಬಳಿದರೆ ಮರ ಒಂದು ಮಗ್ಗುಲಿನಿಂದ ನೀರು ಹೀರಿ ಬಾಗುತ್ತದೆ.

8. ತಪ್ಪು ಕಲ್ಪನೆ: ಹಳೆಯ ಬಿಳಿ ಹಿಡಿ ಎಂದರೆ ಆನೆದಂತ. ಜಿಂಕೆ ಕೊಂಬು ಹಾಕಿಸಿದರೆ ಬೆಲೆ ಬರುತ್ತದೆ.

ವಾಸ್ತವ: ಬಿಳಿ ಹಿಡಿಗಳಲ್ಲಿ ಬಹಳಷ್ಟು ಸೆಲ್ಯುಲಾಯ್ಡ್ ಎಂಬ ಹಳೆಯ ಪ್ಲಾಸ್ಟಿಕ್ಕು ಇಲ್ಲವೇ ಮೂಳೆ. ಸೆಲ್ಯುಲಾಯ್ಡಿನಲ್ಲಿ ದಂತದ ಎಳೆಯನ್ನೂ ಅನುಕರಿಸಿರುತ್ತಾರೆ, ಆದರೆ ಆ ಗೆರೆಗಳು ಅಚ್ಚು ಹೊಡೆದಂತೆ ಸಮಾನಾಂತರ. ನಿಜವಾದ ಆನೆದಂತದ ಅಡ್ಡಕೊಯ್ತದಲ್ಲಿ ಗೆರೆಗಳು ಒಂದನ್ನೊಂದು ಹಾಯ್ದು ಜಾಲರಿಯಂತೆ ಕಾಣುತ್ತವೆ. ಮೂಳೆಯಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀಟುಗಳಿರುತ್ತವೆ. ಪತ್ತೆಗೆ ಕಾದ ಸೂಜಿ ಚುಚ್ಚಿ ನೋಡುವ ಪದ್ಧತಿಯುಂಟು. ಅದನ್ನು ಮಾಡಲೇಬಾರದು, ಏಕೆಂದರೆ ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಹೊಸದಾಗಿ ಆನೆದಂತ ಹಾಕಿಸುವ ಮಾತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಾದ ತಿದ್ದುಪಡಿ ಭಾರತದ ಆನೆದಂತದ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿ ಆಫ್ರಿಕಾದಿಂದ ಬಂದ ದಂತಕ್ಕೂ ಬಾಗಿಲು ಹಾಕಿತು. ಬೀಟೆಯಲ್ಲಿ ದಂತ ಕೂರಿಸುತ್ತಿದ್ದ ಮೈಸೂರಿನ ಕುಸುರಿಗಾರರೇ ಪ್ಲಾಸ್ಟಿಕ್ಕಿಗೂ ಬಣ್ಣಬಣ್ಣದ ಮರದ ಚೂರಿಗೂ ಹೊರಳಿದರು. ಅವರ ಕಲೆಗೆ ಇದರಿಂದ ಕುಂದು ಬರಲಿಲ್ಲ. ಜಿಂಕೆ, ಕಡವೆಗಳ ಕೊಂಬಿನ ವ್ಯಾಪಾರವೂ ನಿಷಿದ್ಧ. ಕಾಡಿನಲ್ಲಿ ತಾನಾಗಿ ಉದುರಿದ್ದು ಎಂಬ ಸಬೂಬು ನಡೆಯದು. ಕಾಟಿಯ ಕೊಂಬೂ ಹಾಗೆಯೇ.

ಕೊಂಬೇ ಬೇಕೆಂದರೆ ಎಮ್ಮೆಯ ಕೊಂಬಿದೆ. ಹಳೆಯ ಕತ್ತಿಗಳ ಕಪ್ಪು ಹಿಡಿಗಳು ಎಷ್ಟೋ ಅದರದ್ದೇ. ಹಗುರ, ಬಾಗುವ ಗುಣವಿದೆ, ತಿಕ್ಕಿದರೆ ಕನ್ನಡಿಯ ಹೊಳಪು. ದೋಷ ಎರಡು. ನೀರಿನಲ್ಲಿ ನೆನೆದರೆ ಸೊಟ್ಟಗಾಗುತ್ತದೆ, ಪೆಟ್ಟಿಗೆಯಲ್ಲಿ ಮರೆತರೆ ಹುಳು ತಿನ್ನುತ್ತದೆ. ಒರೆಸಿ ಇಟ್ಟು, ಆಗಾಗ ಒಂದು ಹನಿ ಎಣ್ಣೆ ಸವರಿದರೆ ಎರಡಕ್ಕೂ ಪರಿಹಾರ.

9. ತಪ್ಪು ಕಲ್ಪನೆ: ಪ್ಲಾಸ್ಟಿಕ್ ಹಿಡಿಗೆ ಏನೂ ಆಗದು, ಅದನ್ನು ಬದಲಿಸಬೇಕಿಲ್ಲ.

ವಾಸ್ತವ: ಈಗಿನ ಪ್ಲಾಸ್ಟಿಕ್ಕುಗಳ ಮಟ್ಟಿಗೆ ಈ ಮಾತು ಬಹುಪಾಲು ನಿಜ. ಸೆಲ್ಯುಲಾಯ್ಡಿನ ಮಟ್ಟಿಗೆ ಪೂರ್ತಿ ಸುಳ್ಳು. 1870ರ ಸುಮಾರಿಗೆ ಅಮೆರಿಕದಲ್ಲಿ ಜಾನ್ ವೆಸ್ಲಿ ಹಯಾಟ್ ಬಳಕೆಗೆ ತಂದ ಈ ವಸ್ತುವನ್ನು ನೈಟ್ರಿಕ್ ಆಮ್ಲದಿಂದ ಸಂಸ್ಕರಿಸಿದ ಹತ್ತಿಯ ನಾರು ಮತ್ತು ಕರ್ಪೂರದಿಂದ ಮಾಡುತ್ತಿದ್ದರು. ದಶಕಗಳು ಕಳೆದ ಮೇಲೆ ಅದು ಒಳಗಿನಿಂದಲೇ ಕಳಚತೊಡಗುತ್ತದೆ, ಆಮ್ಲದ ಆವಿ ಬಿಡುತ್ತದೆ. ಅಲಗನ್ನು ಒಣಗಿಸಿ, ಎಣ್ಣೆ ಹಚ್ಚಿ, ಮುಚ್ಚಿಟ್ಟರೂ ತುಕ್ಕು ಬರುತ್ತಿದೆ ಎಂದು ಗೊಣಗುವವರು ಹಿಡಿಯನ್ನು ಪರೀಕ್ಷಿಸಲಿ. ಮೇಲ್ಮೈಯಲ್ಲಿ ಬಿರುಕಿನ ಬಲೆ, ಮಂಕು, ಜಿಗುಟು, ಕರ್ಪೂರದ ಇಲ್ಲವೇ ಹುಳಿ ವಾಸನೆ, ಹಿಡಿಯೊಳಗೆ ಅಡಗುವ ಭಾಗದಲ್ಲಷ್ಟೇ ತುಕ್ಕು: ಇವು ಅದರ ಲಕ್ಷಣ.

ಇದಕ್ಕೆ ಔಷಧ ಇಲ್ಲ. ಹಿಡಿಯನ್ನು ತೆಗೆಯುವುದೇ ದಾರಿ. ತೆಗೆದದ್ದನ್ನು ಉಳಿದ ಕತ್ತಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಇಡಬಾರದು, ಅದರ ಆವಿ ಪಕ್ಕದ ಉಕ್ಕನ್ನೂ ತಿನ್ನುತ್ತದೆ. ಒಲೆಯ ಹತ್ತಿರವಂತೂ ಸುಳಿಯಬಾರದು. ಉಳಿದ ಹಿಡಿಗಳ ವಿಚಾರದಲ್ಲಿ ಬದಲಾವಣೆ ನಮ್ಮ ಇಷ್ಟ, ಇದರಲ್ಲಿ ಮಾತ್ರ ಅಲಗಿನ ಉಳಿವಿನ ಪ್ರಶ್ನೆ.

10. ತಪ್ಪು ಕಲ್ಪನೆ: ಅಲಗಿನ 'ಸಿಲ್ವರ್ ಸ್ಟೀಲ್' ಮುದ್ರೆ ಬೆಳ್ಳಿಯ ಗುರುತು. ಹೊಸ ಹಿಡಿ ಹಾಕಿಸಿದರೆ ಬೆಲೆ ದುಪ್ಪಟ್ಟು.

ವಾಸ್ತವ: ಈ ಮುದ್ರೆಯ ಹಿಂದೆ ನಮ್ಮ ನೆಲಕ್ಕೂ ನಂಟಿರುವ ಕಥೆಯಿದೆ. ದಕ್ಷಿಣ ಭಾರತದ ಮೂಸೆಯ ಉಕ್ಕು ಯುರೋಪಿನಲ್ಲಿ 'ವೂಟ್ಸ್' ಎಂದು ಹೆಸರಾಗಿತ್ತು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿಯ ಕಡೆ ಉಕ್ಕು ತೆಗೆಯುವ ವಿಧಾನವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಭಾರತದಿಂದ ಹೋದ ವೂಟ್ಸ್ ಮಾದರಿಗಳು ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೊಡಾರ್ಟ್‌ನ ಕೈ ಸೇರಿದವು. ಅವನೂ ಮೈಕೆಲ್ ಫ್ಯಾರಡೆಯೂ ಕೂಡಿ ವೂಟ್ಸಿನ ಗುಟ್ಟು ಹುಡುಕುತ್ತ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು, 1820 ಮತ್ತು 1822ರಲ್ಲಿ ಫಲಿತಾಂಶ ಪ್ರಕಟಿಸಿದರು. ಉಕ್ಕು ಹಿಡಿದಿಟ್ಟುಕೊಳ್ಳುವ ಬೆಳ್ಳಿ ಐನೂರರಲ್ಲಿ ಒಂದು ಪಾಲು ಮಾತ್ರ ಎಂದು ಅವರು ಕಂಡುಕೊಂಡರು. ಶೆಫೀಲ್ಡಿನವರಿಗೆ ಬೆಳ್ಳಿಯ ಹೆಸರು ಹಿಡಿಸಿತು. ಬೆಳ್ಳಿ ಇರಲಿ ಬಿಡಲಿ, ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂದು ಕೊರೆಯುವ ವಾಡಿಕೆ ಬೆಳೆಯಿತು. ಅದು ಜಾಹೀರಾತು, ಲೋಹದ ಪ್ರಮಾಣಪತ್ರವಲ್ಲ.

ಬೆಲೆಯ ಮಾತು. ಹಳೆಯ ವಸ್ತುಗಳನ್ನು ಸಂಗ್ರಹಿಸುವವರು ಮೊದಲು ಕೇಳುವುದು 'ಹಿಡಿ ಮೂಲದ್ದೇ?' ಎಂದು. ಗಟ್ಟಿಯಾಗಿರುವ ಮೂಲ ಹಿಡಿಯನ್ನು ಕಿತ್ತು ಮಿಂಚುವ ಹೊಸ ಹಿಡಿ ಹಾಕಿದರೆ ಬೆಲೆ ಇಳಿಯುವುದೇ ಹೆಚ್ಚು. ಅಲಗಿನ ಮೇಲಿನ ಬರಹ, ಕೊರಳಿನ ಮುದ್ರೆಗಳನ್ನು ಹೊಳಪಿನ ಆಸೆಗೆ ಉಜ್ಜಿ ಅಳಿಸುವುದು ಅದಕ್ಕಿಂತ ದೊಡ್ಡ ನಷ್ಟ. ಬದಲಿಸಲೇಬೇಕಾದರೆ ತೆಗೆದ ಪಟ್ಟಿ, ಮೊಳೆ, ವಾಷರುಗಳನ್ನು ಪೊಟ್ಟಣ ಕಟ್ಟಿ ಕತ್ತಿಯ ಹೆಸರು ಬರೆದಿಡಬೇಕು. ಸೆಲ್ಯುಲಾಯ್ಡ್ ಮಾತ್ರ ಇದಕ್ಕೆ ಹೊರತು.

11. ತಪ್ಪು ಕಲ್ಪನೆ: ಕ್ಷೌರದ ಕತ್ತಿ ಅಶುಭ, ಅದನ್ನು ರಿಪೇರಿ ಮಾಡಿ ಮನೆಯಲ್ಲಿಟ್ಟುಕೊಳ್ಳಬಾರದು.

ವಾಸ್ತವ: ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಪರಕರ್ಮಕ್ಕೆ ಕೂರುವವರ ತಲೆ ಬೋಳಿಸುವ ಕತ್ತಿಯನ್ನು ನೋಡಿ ಹುಟ್ಟಿದ ನಂಬಿಕೆ ಇರಬೇಕಿದು. ಆದರೆ ಮಗುವಿನ ಜವುಳಕ್ಕೆ ಬೇಕಾದದ್ದೂ, ಮದುವಣಿಗನ ಮುಖಕ್ಷೌರಕ್ಕೆ ಬೇಕಾದದ್ದೂ, ಹರಕೆ ಹೊತ್ತವರು ಮುಡಿ ಕೊಡುವಾಗ ಬೇಕಾದದ್ದೂ ಕತ್ತಿಯೇ. ಹಳೆ ಮೈಸೂರಿನ ಕಡೆ ಕ್ಷೌರಿಕ ಕುಟುಂಬಗಳವರೇ ಮದುವೆಗೆ, ಜಾತ್ರೆಗೆ ಓಲಗ ಊದುವವರು. ಒಂದೇ ಮನೆಯವರ ವಾದ್ಯ ಮಂಗಳ, ಕತ್ತಿ ಅಮಂಗಳ ಎನ್ನುವುದರಲ್ಲಿ ಯಾವ ತರ್ಕವಿದೆ?

1810ರಲ್ಲಿ ಪ್ರಕಟವಾದ ತನ್ನ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಮೈಸೂರಿನ ಹಳ್ಳಿಯ ಹನ್ನೆರಡು ಆಯಗಾರರನ್ನು ಹೆಸರಿಸುತ್ತಾನೆ. ಗೌಡ, ಶ್ಯಾನುಭೋಗ, ಕಮ್ಮಾರ, ಬಡಗಿಯರ ಸಾಲಿನಲ್ಲೇ ಕ್ಷೌರಿಕನೂ ಇದ್ದಾನೆ. ಸುಗ್ಗಿಯಲ್ಲಿ ಇವರಿಗೆಲ್ಲ ಕಣದಿಂದ ಪಾಲು ಸಲ್ಲುತ್ತಿತ್ತು. ಅವರಿಲ್ಲದೆ ಊರು ನಡೆಯುತ್ತಿರಲಿಲ್ಲ. ಆ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ನಾಲಗೆಯಲ್ಲಿ ಮೈಲಿಗೆ ಇರಬಹುದು, ಕತ್ತಿಯಲ್ಲಿ ಇಲ್ಲ. ತಾತನ ಹಡಪದ ಕತ್ತಿಗೆ ಹೊಸ ಹಿಡಿ ಹಾಕಿಸಿ ಇಟ್ಟುಕೊಳ್ಳುವ ಮೊಮ್ಮಗ ನಾಚಬೇಕಾದದ್ದು ಏನೂ ಇಲ್ಲ.

12. ತಪ್ಪು ಕಲ್ಪನೆ: ಹಿಡಿ ಕೂತಿತೆಂದರೆ ಕತ್ತಿ ಕೆಲಸಕ್ಕೆ ಸಿದ್ಧ, ಅಂಗಡಿಯಲ್ಲೂ ಬಳಸಬಹುದು.

ವಾಸ್ತವ: ಹಿಡಿಯ ಕೆಲಸ ನಡೆಯುವಾಗ ಬಾಯಿ ಎಲ್ಲೋ ತಗಲಿಯೇ ಇರುತ್ತದೆ. ಆದ್ದರಿಂದ ಮಸೆಯುವುದು ಕೊನೆಯ ಹಂತ, ಮೊದಲಿನದಲ್ಲ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಅಲಗನ್ನು ಚಪ್ಪಟೆಯಾಗಿ ಮಲಗಿಸಿ ಮಸೆಯಬೇಕು. ಕೋನವನ್ನು ಬೆನ್ನೇ ನೋಡಿಕೊಳ್ಳುತ್ತದೆ. ಒರಟು ಕಲ್ಲಿನಿಂದ ನುಣುಪು ಕಲ್ಲಿಗೆ ಬಂದು, ಆಮೇಲೆ ತೊಗಲಿನ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಬಾಯಿ ಮುಂದಾದರೆ ತೊಗಲೂ ಕೊಯ್ಯುತ್ತದೆ, ಹರಿತವೂ ಹೋಗುತ್ತದೆ. ಕೆಲಸವಾದ ಮೇಲೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದು ಹನಿ ಸವರಿ, ಗಾಳಿಯಾಡುವ ಕಡೆ ಇಡಬೇಕು. ಸ್ನಾನದ ಮನೆಯ ತೇವದಲ್ಲಲ್ಲ.

ಅಂಗಡಿಯ ವಿಚಾರದಲ್ಲಿ ರಾಜಿ ಇಲ್ಲ. ಹೆಪಟೈಟಿಸ್ ಬಿ ವೈರಾಣು ಮೈಯಿಂದ ಹೊರಬಿದ್ದ ರಕ್ತದಲ್ಲಿ ಕನಿಷ್ಠ ಏಳು ದಿನ ಸೋಂಕುವ ಶಕ್ತಿ ಉಳಿಸಿಕೊಳ್ಳುತ್ತದೆ. ಮರ, ಕೊಂಬುಗಳ ಸಂದಿನಲ್ಲಿ, ಮೊಳೆಯ ಸುತ್ತ ಇಳಿದ ರಕ್ತವನ್ನು ಡೆಟ್ಟಾಲಿನಲ್ಲಿ ಅದ್ದಿ ತೆಗೆದ ಮಾತ್ರಕ್ಕೆ ಶುದ್ಧವಾಯಿತೆನ್ನಲಾಗದು. ಒಬ್ಬರಿಗೆ ಒಂದೇ ಬ್ಲೇಡು ಎಂಬ ಈಗಿನ ರೂಢಿ ಬಂದದ್ದು ಇದಕ್ಕಾಗಿ. ಅದು ಮುಂದುವರಿಯಬೇಕು. ಹಿಡಿ ಬದಲಿಸಿದ ಹಳೆಯ ಕತ್ತಿ ಒಬ್ಬನ ಸ್ವಂತದ್ದು, ಅಪ್ಪ-ಮಗನೂ ಹಂಚಿಕೊಳ್ಳುವಂಥದಲ್ಲ.

ಒಟ್ಟಿನಲ್ಲಿ ತೀರ್ಮಾನ ಇಷ್ಟು. ಹಿಡಿ ಬದಲಿಸಿದ್ದರಿಂದ ಕ್ಷೌರದ ಕತ್ತಿ ಕೆಡುವುದಿಲ್ಲ. ಅವಸರ, ಬೆಂಕಿ, ಬಿರುಸು ಏಟು ಇವು ಕೆಡಿಸುತ್ತವೆ. ಮೂಲ ಹಿಡಿ ಗಟ್ಟಿಯಾಗಿದ್ದರೆ ಸ್ವಚ್ಛ ಮಾಡಿ ಹಾಗೆಯೇ ಬಿಡಿ. ಒಡೆದಿದ್ದರೆ ಅದನ್ನೇ ಮಾದರಿಯಾಗಿಟ್ಟು ಹೊಸದನ್ನು ಮಾಡಿ. ಅರ ಹಿಡಿಯುವ ಮೊದಲು ಕತ್ತಿಯ ಎರಡೂ ಬದಿಯ ಫೋಟೊ ತೆಗೆದು, ರಂಧ್ರಗಳ ಅಂತರ ಅಳೆದು ಬರೆದಿಟ್ಟುಕೊಳ್ಳಿ. ನಿಮ್ಮೂರಿನಲ್ಲಿ ಆ ಕತ್ತಿ ಹಿಡಿದು ದುಡಿದ ಹಿರಿಯ ಕ್ಷೌರಿಕರು ಇನ್ನೂ ಇದ್ದರೆ, ಮೊದಲು ಅವರ ಹತ್ತಿರ ಹೋಗಿ ಕೇಳಿ.